ಆಲೆ ಮರವಿಲ್ಲದ ಗೊಂಬೆಯೂರು

ಬೆಂಗಳೂರಿನಿಂದ ಮೈಸೂರಿಗೆ ಸಾಗುವ ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣ ಸಮೀಪಿಸಿದಂತೆ ರಸ್ತೆಯ ಅಂಚಿಗೆ ಬಣ್ಣದ ತೋರಣ ಕಟ್ಟಿದಂತೆ ಗೊಂಬೆ ಅಂಗಡಿಗಳು ಎದುರಾಗುತ್ತಿದ್ದವು. ತೂಗಾಡುವ ಮರದ ಕುದುರೆ, ಬುಗುರಿ, ಗಿಲಕಿ, ಚಕ್ರದ ಮೇಲೆ ಓಡುವ ಬಾತುಕೋಳಿ. ಮೈಸೂರು ನೋಡಲು ಹೊರಟ ಸಂಸಾರವೊಂದು ಅಲ್ಲಿ ವಾಹನ ನಿಲ್ಲಿಸಿ, ಮಗುವಿನ ಕೈಗೊಂದು ಗಿಲಕಿ ಕೊಡಿಸಿ ಮುಂದೆ ಹೋಗುವುದು ವಾಡಿಕೆಯಾಗಿತ್ತು. 2023ರ ಮಾರ್ಚ್ 12ರಂದು ಹತ್ತು ಪಥಗಳ ಹೊಸ ಹೆದ್ದಾರಿ ಉದ್ಘಾಟನೆಗೊಂಡಿತು. ಅದು ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬದಿಗಿಟ್ಟು ಹಾಯುತ್ತದೆ. ಪ್ರಯಾಣದ ಹೊತ್ತು ಉಳಿಯಿತು. ಗಿರಾಕಿಗಳು ಮಾತ್ರ ಹಳೆಯ ರಸ್ತೆಗೆ ಮರಳಲಿಲ್ಲ. ಅಂಗಡಿಯ ಮುಂದಿನ ಮರದ ಕುದುರೆ ಈಗ ಧೂಳು ಹೊತ್ತು ನಿಂತಿದೆ.

ಇದು ರಸ್ತೆಯೊಂದರ ವಿಚಾರ ಮಾತ್ರವೆಂದು ಭಾವಿಸಿದ್ದರೆ ಈ ಸಂಚಿಕೆಯ ಸಂಪಾದಕೀಯಕ್ಕೆ ನಾವು ಇದನ್ನು ಆರಿಸಿಕೊಳ್ಳುತ್ತಿರಲಿಲ್ಲ. ಚನ್ನಪಟ್ಟಣದ ಗೊಂಬೆ ಉದ್ಯಮ ಕಳೆದ ಮೂರು ದಶಕಗಳಲ್ಲಿ ಹಲವು ಬಾರಿ ಮುಳುಗುವ ಹಂತಕ್ಕೆ ಬಂದಿದೆ; ಸರ್ಕಾರ ಹಲವು ಬಾರಿ ಅದರ ಕೈಹಿಡಿದು ಎತ್ತಿದೆ. ಎತ್ತಿದ ಕೈಗೆ ನಾವು ಕೃತಜ್ಞರೇ. ಆದರೆ ಎತ್ತಿದ್ದು ಯಾವುದನ್ನು, ನೀರಿನಲ್ಲೇ ಬಿಟ್ಟದ್ದು ಯಾವುದನ್ನು ಎಂಬ ಲೆಕ್ಕವನ್ನು ಯಾರೂ ಕೇಳಿಲ್ಲ. ಬೆಟ್ಟ-ಕಾಡುಗಳ ಅಂಚಿನಲ್ಲಿ ಬದುಕುವ ನಮ್ಮ ಬಳಗ ಕೇಳಬೇಕಾದ ಲೆಕ್ಕ ಅದು.

ಇದೇ ರಸ್ತೆಯಲ್ಲಿ, ಚನ್ನಪಟ್ಟಣಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ಹಿಂದೆ, ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರು ಕಾರ್ಖಾನೆಯಿದೆ. 1997ರಲ್ಲಿ ಸ್ಥಾಪನೆಯಾದ ಈ ಕಂಪನಿಯ ಮೊದಲ ವಾಹನಗಳು 1999ರ ಕೊನೆಯಲ್ಲಿ ಹೊರಬಂದವು. ಆ ಹೆಸರನ್ನು ಇಲ್ಲಿ ನೆನೆಯಲು ಒಂದು ಕಾರಣವಿದೆ. 2008ರಲ್ಲಿ ಜಪಾನಿನ ಟೊಯೋಟಾ ಸಂಸ್ಥೆ ಮಾರಾಟದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯನ್ನು ಹಿಂದಿಕ್ಕಿತು. 1931ರಿಂದ 77 ವರ್ಷಗಳ ಕಾಲ ಜಗತ್ತಿನ ಅತಿ ದೊಡ್ಡ ಕಾರು ಮಾರಾಟಗಾರನೆಂಬ ಪಟ್ಟವನ್ನು ಬಿಡದೆ ಉಳಿಸಿಕೊಂಡಿದ್ದ ಕಂಪನಿಯದು. ಪಟ್ಟ ಕಳೆದುಕೊಂಡ ಮರುವರ್ಷವೇ ಅದು ದಿವಾಳಿಯೆಂದು ನ್ಯಾಯಾಲಯದ ಬಾಗಿಲು ತಟ್ಟಿತು.

ದೊಡ್ಡವರ ಮುಳುಗಡೆ, ದೊಡ್ಡವರ ರಕ್ಷಣೆ

ಜನರಲ್ ಮೋಟಾರ್ಸ್ ಮುಳುಗಿದ ಬಗೆಯಲ್ಲಿ ನಮ್ಮಂಥವರಿಗೆ ಪಾಠವಿದೆ. 1908ರಲ್ಲಿ ಹುಟ್ಟಿದ ಈ ಕಂಪನಿ 1990ರ ದಶಕದಲ್ಲಿಯೇ ವಿದ್ಯುತ್ತಿನಿಂದ ಓಡುವ ಇವಿ-1 ಎಂಬ ಕಾರನ್ನು ತಯಾರಿಸಿ, ಬಾಡಿಗೆ ಕರಾರಿನ ಮೇಲೆ ಜನರ ಕೈಗಿತ್ತಿತ್ತು. ಬಳಸಿದವರು ಮೆಚ್ಚಿದರು. ಆದರೂ ಕಂಪನಿ ಆ ಯೋಜನೆಯನ್ನು ಕೈಬಿಟ್ಟು, ಹೆಚ್ಚಿನ ಕಾರುಗಳನ್ನು ಹಿಂದಕ್ಕೆ ಪಡೆದು ಜಜ್ಜಿಹಾಕಿತು. ಅದರ ಗಮನವೆಲ್ಲ ಲಾಭ ಹೆಚ್ಚು ತರುವ, ಇಂಧನವನ್ನು ನೀರಿನಂತೆ ಕುಡಿಯುವ ಹಮ್ಮರ್‌ನಂಥ ಭಾರಿ ವಾಹನಗಳ ಕಡೆಗಿತ್ತು. 2008ರ ಜುಲೈನಲ್ಲಿ ಕಚ್ಚಾ ತೈಲದ ಬೆಲೆ ಪೀಪಾಯಿಗೆ 147 ಡಾಲರ್ ಮುಟ್ಟಿತು. ಅದರ ಬೆನ್ನಿಗೇ ಬ್ಯಾಂಕುಗಳು ಕುಸಿದವು. ಕೊಳ್ಳುವವರೂ ಇಲ್ಲ, ಸಾಲ ಕೊಡುವವರೂ ಇಲ್ಲ ಎಂಬ ಸ್ಥಿತಿ ಬಂದಿತು.

ಆಗ ಅಲ್ಲಿನ ಸರ್ಕಾರ ಮುಂದೆ ಬಂದಿತು. 2008ರ ಡಿಸೆಂಬರಿನಲ್ಲಿ ಅಧ್ಯಕ್ಷ ಬುಷ್ ಅವರು, ಬ್ಯಾಂಕುಗಳಿಗೆಂದು ಮೀಸಲಿಟ್ಟ ನಿಧಿಯಿಂದ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಕಂಪನಿಗಳಿಗೆ 1,740 ಕೋಟಿ ಡಾಲರ್ ಸಾಲವನ್ನು ಪ್ರಕಟಿಸಿದರು. ಮುಂದೆ ಬಂದ ಅಧ್ಯಕ್ಷ ಒಬಾಮಾ ಅವರು ಕಂಪನಿ ಒಪ್ಪಿಸಿದ ಪುನಶ್ಚೇತನ ಯೋಜನೆ ಸಾಲದೆಂದು ತಿರಸ್ಕರಿಸಿ, ಮುಖ್ಯಸ್ಥ ರಿಕ್ ವ್ಯಾಗನರ್ ಅವರನ್ನು ಹುದ್ದೆ ಬಿಡುವಂತೆ ಮಾಡಿದರು. 2009ರ ಜೂನ್ 1ರಂದು ದಿವಾಳಿ ಅರ್ಜಿ ಸಲ್ಲಿಕೆಯಾಯಿತು. ಜುಲೈ 10ಕ್ಕೆ ಹೊಸ ಕಂಪನಿ ಎದ್ದು ನಿಂತಿತು. ಅದರಲ್ಲಿ ಅಮೆರಿಕ ಸರ್ಕಾರದ ಪಾಲು ಶೇಕಡಾ 60ಕ್ಕೂ ಹೆಚ್ಚು; ತೊಡಗಿಸಿದ ಹಣ ಸುಮಾರು 4,950 ಕೋಟಿ ಡಾಲರ್. 2013ರ ಡಿಸೆಂಬರಿನಲ್ಲಿ ಕೊನೆಯ ಷೇರನ್ನು ಮಾರಿದಾಗ ಸರ್ಕಾರದ ಬೊಕ್ಕಸಕ್ಕೆ ಆದ ನಷ್ಟ 1,000 ಕೋಟಿ ಡಾಲರಿಗೂ ಮಿಗಿಲು. ಲಕ್ಷಾಂತರ ಉದ್ಯೋಗಗಳು ಉಳಿದವು ಎಂಬುದು ಒಂದು ಪಕ್ಷದ ಸಮರ್ಥನೆ. ಹಲವು ಕಾರ್ಖಾನೆಗಳು ಮುಚ್ಚಿದವು, ಹಳೆಯ ಷೇರುದಾರರು ಎಲ್ಲವನ್ನೂ ಕಳೆದುಕೊಂಡರು ಎಂಬುದೂ ಅಷ್ಟೇ ನಿಜ.

ಈ ರಕ್ಷಣೆಯನ್ನು ಹೊಗಳುವುದಾಗಲಿ ತೆಗಳುವುದಾಗಲಿ ನಮ್ಮ ಉದ್ದೇಶವಲ್ಲ. ಅದರಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಮೊದಲನೆಯದು, ಹಣದ ಜೊತೆಗೆ ಷರತ್ತು ಹೋಯಿತು. ಮುಖ್ಯಸ್ಥರು ಬದಲಾಗಬೇಕು, ಪಾಂಟಿಯಾಕ್, ಹಮ್ಮರ್‌ಗಳಂಥ ಮಾರ್ಕುಗಳನ್ನು ಕೈಬಿಡಬೇಕು, ಖರ್ಚು ತಗ್ಗಬೇಕು. ಎರಡನೆಯದು, ಸತ್ತ ಕಂಪನಿ ಬಿಟ್ಟುಹೋದ ನೆಲದ ಗತಿ. ಹಳೆಯ ಕಾರ್ಖಾನೆಗಳ ಅಡಿಯ ಮಣ್ಣು, ನೀರು ದಶಕಗಳ ತೈಲ ಮತ್ತು ರಾಸಾಯನಿಕಗಳಿಂದ ಕೆಟ್ಟಿದ್ದವು. 14 ರಾಜ್ಯಗಳಲ್ಲಿ ಹರಡಿದ್ದ ಅಂಥ 89 ಸ್ಥಳಗಳನ್ನು ಶುದ್ಧಗೊಳಿಸಿ ಮರುಬಳಕೆಗೆ ಒದಗಿಸಲು 2011ರಲ್ಲಿ ಪ್ರತ್ಯೇಕ ಟ್ರಸ್ಟೊಂದನ್ನು ಕಟ್ಟಿ ಸುಮಾರು 77 ಕೋಟಿ ಡಾಲರ್ ಒದಗಿಸಲಾಯಿತು. ಕಾರು ಕಂಪನಿಯನ್ನು ಉಳಿಸುವ ಮಾತಿನ ನಡುವೆಯೂ, ತಡವಾಗಿಯಾದರೂ, ನೆಲದ ಮಾತು ಒಂದು ಮೂಲೆಯಲ್ಲಿ ದಾಖಲಾಯಿತು. ನಮ್ಮಲ್ಲಿ ಉದ್ಯಮಗಳಿಗೆ ನೆರವು ಘೋಷಿಸುವಾಗ ಆ ಮಾತೇ ಬರುವುದಿಲ್ಲ.

ಗೊಂಬೆಯೂರಿನ ಏಳುಬೀಳು

ಚನ್ನಪಟ್ಟಣದ ಕಸುಬಿನ ಬೇರನ್ನು ಟಿಪ್ಪು ಸುಲ್ತಾನನ ಕಾಲಕ್ಕೆ ಒಯ್ಯುವುದು ವಾಡಿಕೆ. ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಕಲಿಸಲಾಯಿತೆಂಬುದು ಊರ ನಂಬಿಕೆ. ಮುಂದೆ ಬಾವಾಸ್ ಮಿಯಾ ಅವರು ಜಪಾನಿನ ತಂತ್ರವನ್ನು ಅಳವಡಿಸಿ ಈ ಕಲೆಗೆ ಹೊಸ ರೂಪ ಕೊಟ್ಟರೆಂದು ಇಂದಿಗೂ ನೆನೆಯುತ್ತಾರೆ. ತಂತ್ರ ನೋಡಲು ಸರಳ, ಮಾಡಲು ಕಷ್ಟ. ಒಣಗಿಸಿದ ಮರದ ತುಂಡನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ಆಕಾರ ಬಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಅಪ್ಪುತ್ತದೆ. ಕೊನೆಯಲ್ಲಿ ಒಣಗರಿಯಿಂದ ತಿಕ್ಕಿದರೆ ಕನ್ನಡಿಯ ಹೊಳಪು. ಮರ, ಅರಗು, ಗರಿ ಮೂರೂ ಗಿಡಮರಗಳ ಕೊಡುಗೆ. ಅರಿಶಿನ, ನೀಲಿ, ಕಾಚುಗಳಂಥ ಸಸ್ಯಜನ್ಯ ಬಣ್ಣಗಳನ್ನು ಬಳಸಿದಾಗ ಬಣ್ಣವೂ ಅಷ್ಟೆ. ಮಗು ಬಾಯಿಗಿಟ್ಟು ಚೀಪಿದರೂ ತಾಯಿ ಅಂಜಬೇಕಾಗಿಲ್ಲದ ಆಟಿಕೆ.

ಇಂಥ ಕಸುಬು ಕುಸಿದದ್ದು ಹೇಗೆ? ಜಾಗತೀಕರಣದ ಗಾಳಿ ಬೀಸಿದ ಮೇಲೆ ಚೀನಾದ ಪ್ಲಾಸ್ಟಿಕ್ ಆಟಿಕೆಗಳು ಹಳ್ಳಿಯ ಜಾತ್ರೆಗೂ ನುಗ್ಗಿದವು. ಮರದ ಗೊಂಬೆಯೊಂದನ್ನು ಕಡೆಯುವ ಕೂಲಿಗಿಂತ ಕಡಿಮೆ ಬೆಲೆಗೆ ಕೀಲಿಯಿಂದ ಓಡುವ ಕಾರು ಸಿಗತೊಡಗಿತು. ವಿನ್ಯಾಸಗಳು ಹಳೆಯವಾದವು. ದಲ್ಲಾಳಿಗಳ ಮುಂಗಡಕ್ಕೆ ಕುಶಲಕರ್ಮಿ ಕಟ್ಟುಬಿದ್ದ. 2006ರ ಹೊತ್ತಿಗೆ ಈ ಕಸುಬನ್ನು ನಂಬಿದವರು ಸುಮಾರು ಆರು ಸಾವಿರ ಮಂದಿ, ಮನೆಯಲ್ಲೇ ನಡೆಯುವ 254 ಘಟಕಗಳು, 50 ಸಣ್ಣ ಕಾರ್ಖಾನೆಗಳು ಎಂಬ ಲೆಕ್ಕ ಪ್ರಕಟವಾಗಿತ್ತು. ಆ ಮನೆಗಳ ಮಕ್ಕಳಲ್ಲಿ ಬೆಂಗಳೂರಿನ ಬಸ್ಸು ಹತ್ತಿದವರು ಎಷ್ಟೆಂಬುದು ಊರಿನವರಿಗೆ ಗೊತ್ತು.

ಸರ್ಕಾರ ಕೈಕಟ್ಟಿ ಕುಳಿತಿರಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಡಚ್ ಸರ್ಕಾರದ ನೆರವು ಮತ್ತು ರಾಜ್ಯದ ವಿಶ್ವ ಯೋಜನೆಯ ಮೂಲಕ ಕುಶಲಕರ್ಮಿಗಳಿಗೆ ಹಣಕಾಸಿನ ಆಸರೆ ಸಿಕ್ಕಿತು. ನೀಲಸಂದ್ರದಲ್ಲಿ 32 ಕಡೆಯುವ ಯಂತ್ರಗಳಿರುವ ಅರಗಿನ ಕರಕುಶಲ ಸಂಕೀರ್ಣ ಎದ್ದಿತು. ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ಹೊಸ ವಿನ್ಯಾಸಗಳ ತರಬೇತಿ ಕೊಟ್ಟು, ತನ್ನ ಕಾವೇರಿ ಮಳಿಗೆಗಳಲ್ಲಿ ಮಾರಾಟಕ್ಕೆ ಜಾಗ ಮಾಡಿಕೊಟ್ಟಿತು. ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತು ‘ಚನ್ನಪಟ್ಟಣದ ಗೊಂಬೆ’ ಎಂಬ ಹೆಸರಿಗೆ ಕಾನೂನಿನ ಬೇಲಿ ಬಿದ್ದಿತು.

ಜನರಲ್ ಮೋಟಾರ್ಸ್ ದಿವಾಳಿಯಾದ 2009ರ ಜನವರಿಯಲ್ಲೇ ಭಾರತ ಸರ್ಕಾರ ಚೀನಾದ ಆಟಿಕೆಗಳ ಆಮದನ್ನು ಆರು ತಿಂಗಳ ಮಟ್ಟಿಗೆ ನಿಷೇಧಿಸಿತ್ತು. ಎರಡೇ ತಿಂಗಳಲ್ಲಿ, ಸುರಕ್ಷತಾ ಪ್ರಮಾಣಪತ್ರವಿದ್ದರೆ ಸಾಕೆಂದು ಅದನ್ನು ಸಡಿಲಿಸಲಾಯಿತು. 2020ರ ಮುಂಗಡಪತ್ರದಲ್ಲಿ ಆಟಿಕೆಗಳ ಆಮದು ಸುಂಕ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ತಮ್ಮ ಆಕಾಶವಾಣಿ ಭಾಷಣದಲ್ಲಿ ಚನ್ನಪಟ್ಟಣದ ಹೆಸರೆತ್ತಿದರು. 2021ರ ಜನವರಿ 1ರಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿಯ ಆಟಿಕೆಗಳಿಗೂ ವಿನಾಯಿತಿ ಸಿಕ್ಕಿತು. ಇವೆಲ್ಲ ಬೇಕಾದ ಕ್ರಮಗಳೇ.

ಯಾರೂ ಎಣಿಸದ ಮರ

ಕೆಲವು ತಿಂಗಳ ಹಿಂದೆ ನಮ್ಮ ಬಳಗದ ಕೆಲವರು ಚನ್ನಪಟ್ಟಣದ ಒಂದು ಮನೆ-ಘಟಕಕ್ಕೆ ಹೋಗಿದ್ದೆವು. ಯಂತ್ರವಿತ್ತು, ವಿದ್ಯುತ್ತಿತ್ತು, ಗೋಡೆಗೆ ತರಬೇತಿಯ ಪ್ರಮಾಣಪತ್ರ ತೂಗುಹಾಕಿತ್ತು. ಮೂಲೆಯಲ್ಲಿ ಮರದ ರಾಶಿ ಮಾತ್ರ ಚಿಕ್ಕದಾಗಿತ್ತು. ಹಿರಿಯ ಕುಶಲಕರ್ಮಿಯೊಬ್ಬರು ಅದನ್ನು ತೋರಿಸಿ, ಎಲ್ಲವೂ ಬಂತು, ಮರ ಎಲ್ಲಿಂದ ಬರಬೇಕೆಂದು ಮಾತ್ರ ಯಾರೂ ಯೋಚಿಸಲಿಲ್ಲ ಎಂಬರ್ಥದ ಮಾತನ್ನಾಡಿದರು. ಕೃಷಿ ವಿಜ್ಞಾನ ಓದಿ ಇಪ್ಪತ್ತು ವರ್ಷ ಅದರಲ್ಲೇ ಅನ್ನ ತಿಂದ ಈ ಲೇಖಕನ ಬಳಿ ಅದಕ್ಕೆ ಉತ್ತರವಿರಲಿಲ್ಲ.

ಆ ಮರ ಆಲೆ. ಸಸ್ಯಶಾಸ್ತ್ರದಲ್ಲಿ ರೈಟಿಯಾ ಟಿಂಕ್ಟೋರಿಯಾ. ಒಣಭೂಮಿಯ ಕುರುಚಲು ಕಾಡಿನಲ್ಲಿ, ಬಂಡೆಯ ಸಂದಿಯಲ್ಲಿ, ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಸಾಧಾರಣ ಎತ್ತರದ ಮರ. ಎಲೆ ಕಿತ್ತರೆ ಹಾಲು ಒಸರುತ್ತದೆ. ಬೇಸಿಗೆಯಲ್ಲಿ ಬಿಳಿಯ ಪರಿಮಳದ ಹೂ. ಆಮೇಲೆ ತುದಿಯಲ್ಲಿ ಕೂಡಿಕೊಂಡು ಜೋಡಿಯಾಗಿ ಜೋತುಬೀಳುವ ನೀಳ ಕಾಯಿ. ಕಾಯಿ ಒಡೆದಾಗ ರೇಷ್ಮೆಯ ಕುಚ್ಚು ಹೊತ್ತ ಬೀಜಗಳು ಗಾಳಿಯಲ್ಲಿ ತೇಲುತ್ತವೆ. ಎಲೆಗಳಿಂದ ನೀಲಿ ಬಣ್ಣ ತೆಗೆಯುತ್ತಿದ್ದ ಕಾಲವೂ ಇತ್ತು. ಚರ್ಮರೋಗಕ್ಕೆ ಈ ಎಲೆಯ ಎಣ್ಣೆಯನ್ನು ಸಿದ್ಧವೈದ್ಯರು ಇಂದಿಗೂ ಬಳಸುತ್ತಾರೆ. ಇದರ ತಿರುಳು ದಂತದಂತೆ ಬಿಳುಪು, ಎಳೆ ನುಣುಪು. ಉಳಿಗೆ ಸುಲಭವಾಗಿ ಬಗ್ಗುತ್ತದೆ, ಸೀಳು ಬಿಡುವುದಿಲ್ಲ, ಅರಗನ್ನು ಚೆನ್ನಾಗಿ ಹಿಡಿಯುತ್ತದೆ. ಗೊಂಬೆಗೆ ದೊಡ್ಡ ದಿಮ್ಮಿಯೂ ಬೇಡ. ತೋಳಿನ ಗಾತ್ರದ ಕಾಂಡವೂ ಕೆಲಸಕ್ಕೆ ಬರುತ್ತದೆ. ಬುಡ ಬಿಟ್ಟು ಕಡಿದರೆ ಮತ್ತೆ ಚಿಗುರುತ್ತದೆ. ಅಂದರೆ ಕೊಂದು ತೆಗೆದುಕೊಳ್ಳಬೇಕಾದ ಮರವಲ್ಲ. ಸರದಿಯಂತೆ ಕೊಯ್ದುಕೊಳ್ಳಬಹುದಾದ ಬೆಳೆ.

ಅರಗಿನ ಕಥೆಯೂ ಹೀಗೆಯೇ. ಅರಗು ಕೆಲವು ಮರಗಳ ಎಳೆಯ ರೆಂಬೆಗಳ ಮೇಲೆ ಕೂತು ರಸ ಹೀರುವ ಪುಟ್ಟ ಕೀಟದ ಸ್ರಾವ. ಉತ್ತರ ಭಾರತದಲ್ಲಿ ಅದಕ್ಕೆ ಮುತ್ತುಗ, ಬೋರೆ, ಕುಸುಮ ಮರಗಳು ಆಸರೆ. ಹಳೆಯ ಮೈಸೂರು ಸೀಮೆಯಲ್ಲಿ ಆ ಪಾತ್ರ ಜಾಲಾರಿ ಮರದ್ದಾಗಿತ್ತು. ನಮ್ಮ ಬೆಟ್ಟಗಳ ಒಣಕಾಡಿನಲ್ಲಿ ಜಾಲಾರಿ ಇಂದಿಗೂ ಇದೆ. ಅದರ ಮೇಲೆ ಅರಗು ಸಾಕುವ ಕಸುಬು ಇಲ್ಲ. ಇಂದು ದೇಶದ ಅರಗಿನ ಬಹುಪಾಲು ಜಾರ್ಖಂಡ, ಛತ್ತೀಸಗಡಗಳಿಂದ ಬರುತ್ತದೆ. ಹೀಗೆ ಮರವೂ ಅರಗೂ ಸುತ್ತಲಿನ ಬೆಟ್ಟದಿಂದ ಒದಗುತ್ತಿದ್ದ ಕಾರಣಕ್ಕೇ ಈ ಕಲೆ ಈ ನೆಲದಲ್ಲಿ ನೆಲೆಯೂರಿತ್ತು. ಇಂದು ಊರಿನ ಹೆಸರು ಉಳಿದಿದೆ. ಊರಿಗೂ ಕಾಡಿಗೂ ಇದ್ದ ನಂಟು ಹರಿದಿದೆ.

ಆಲೆ ಮರ ಕಡಿಮೆಯಾಗಲು ಗೊಂಬೆ ಮಾಡುವವರೂ ಕಾರಣರಲ್ಲವೇ ಎಂದು ಕೇಳಬಹುದು. ಕೇಳಲೇಬೇಕು. ನೆಡದೆ ಕಡಿಯುವ ಯಾವ ಕಸುಬೂ ಕಾಡನ್ನು ಉಳಿಸಲಾರದು. ತಲೆಮಾರುಗಳ ಕಾಲ ಬೆಟ್ಟದಿಂದ ಮರ ಇಳಿದು ಬಂದಾಗ ಸಸಿಯೊಂದು ಬೆಟ್ಟಕ್ಕೆ ಹತ್ತಿ ಹೋಗಲಿಲ್ಲ. ಆದರೆ ಅದಕ್ಕಿಂತ ದೊಡ್ಡ ಕೊಡಲಿಗಳು ಈ ಸೀಮೆಯಲ್ಲಿ ಬೀಸಿವೆ. ಕನಕಪುರ, ಮಾಗಡಿಗಳ ಬಂಡೆಗಳನ್ನು ಗ್ರಾನೈಟಿಗಾಗಿ ಸೀಳಿದಾಗ ಬಂಡೆಯ ಸಂದಿಯ ಕುರುಚಲೂ ಹೋಯಿತು. ಗೋಮಾಳಗಳು, ಖುಷ್ಕಿ ಹೊಲಗಳು ನೀಲಗಿರಿ ತೋಪುಗಳಾದವು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವ ಹೊತ್ತಿಗೆ ಬದುವಿನ ದೇಸಿ ಮರಗಳನ್ನು ಗುರುತಿಸುವವರೇ ವಿರಳವಾಗಿದ್ದರು. ಈಗ ಬೆಂಗಳೂರು ಇತ್ತ ಬೆಳೆಯುತ್ತಿದೆ. 2007ರಲ್ಲಿ ರಾಮನಗರ ಜಿಲ್ಲೆ ರಚನೆಯಾಯಿತು. 2025ರ ಮೇ ತಿಂಗಳಲ್ಲಿ ಅದನ್ನು ‘ಬೆಂಗಳೂರು ದಕ್ಷಿಣ’ವೆಂದು ಕರೆಯಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಹೆಸರು ಬಂದ ಕಡೆ ನಿವೇಶನಗಳೂ ಬರುತ್ತವೆ. ಬದುವಿಗೇ ಬೆಲೆ ಬಂದಾಗ ಬದುವಿನ ಮರಕ್ಕೆ ಯಾರು ಬೆಲೆ ಕೊಡುತ್ತಾರೆ?

ರಬ್ಬರ್ ಮರ, ನೀಲಗಿರಿ, ಸಿಲ್ವರ್ ಓಕ್‌ಗಳಿವೆಯಲ್ಲ, ಅವುಗಳಿಂದಲೇ ಗೊಂಬೆ ಮಾಡಬಾರದೇ ಎಂಬುದು ಇನ್ನೊಂದು ವಾದ. ಮಾಡಬಹುದು, ಆಲೆ ಸಿಗದಾಗ ಬೇರೆ ಮರಗಳನ್ನು ಬಳಸುವುದೂ ಇದೆ. ಹಸಿದವನಿಗೆ ಅಕ್ಕಿಯೇ ಬೇಕೆಂದು ಹಟ ಹಿಡಿಯಲು ನಾವು ಯಾರು? ಆದರೆ ಮರವನ್ನು ದೂರದಿಂದ ಕೊಂಡು ತರುವ ಮನೆ-ಘಟಕಕ್ಕೆ ಲಾರಿ ಬಾಡಿಗೆ, ದಲ್ಲಾಳಿಯ ಪಾಲು ಎರಡೂ ಹೊರೆ. ಮೊದಲು ಸೋಲುವವರು ಚಿಕ್ಕವರು. ಮೇಲಾಗಿ, ಎಲ್ಲಿಯ ಮರವನ್ನೋ ಎಲ್ಲಿಯಾದರೂ ಕಡೆದು ಬಣ್ಣ ಹಚ್ಚಬಹುದಾದರೆ ಆ ಕೆಲಸವನ್ನು ದೊಡ್ಡ ಯಂತ್ರಾಗಾರವೊಂದು ಇನ್ನೂ ಅಗ್ಗವಾಗಿ ಮಾಡೀತು. ಚನ್ನಪಟ್ಟಣದ ಗೊಂಬೆಗಿರುವ ಕೊನೆಯ ಬಲವೆಂದರೆ ಅದರ ಮರ ಮತ್ತು ಅದನ್ನು ಬಲ್ಲ ಕೈ. ಒಂದನ್ನು ಕಳೆದುಕೊಂಡರೆ ಇನ್ನೊಂದು ಹೆಚ್ಚು ದಿನ ಬಾಳದು.

ಬಲಗೈ ಕೊಟ್ಟದ್ದು, ಎಡಗೈ ಕಸಿದದ್ದು

ಸರ್ಕಾರದ ಒಂದು ಇಲಾಖೆ ಎತ್ತಿದ್ದನ್ನು ಇನ್ನೊಂದು ಇಲಾಖೆ ಕೆಡವುವುದು ಈ ಸೀಮೆಗೆ ಹೊಸತಲ್ಲ. ರಾಮನಗರ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಹಿಪ್ಪುನೇರಳೆಗೆ, ಹುಳು ಸಾಕಣೆಗೆ, ನೂಲು ತೆಗೆಯುವ ಯಂತ್ರಕ್ಕೆ ಸಹಾಯಧನ ಕೊಡುತ್ತಿರುವಾಗಲೇ 2011ರ ಕೇಂದ್ರ ಮುಂಗಡಪತ್ರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿತು. ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಮತ್ತೆ ಏರಿಸಬೇಕಾಯಿತು. ಅಷ್ಟರಲ್ಲಿ ಹಿಪ್ಪುನೇರಳೆ ಕಿತ್ತವರು ಕಿತ್ತಿದ್ದರು. ಗೊಂಬೆಯ ಪಾಲಿಗೆ ಹೊಸ ಹೆದ್ದಾರಿ ಅಂಥದೇ ಎಡಗೈ. ಕರಕುಶಲ ನಿಗಮ ಮಳಿಗೆ ಕಟ್ಟಿಸುತ್ತದೆ. ಹೆದ್ದಾರಿ ಪ್ರಾಧಿಕಾರ ಗಿರಾಕಿಯನ್ನು ಬೇರೆ ದಾರಿಯಲ್ಲಿ ಕರೆದೊಯ್ಯುತ್ತದೆ. ಇಬ್ಬರೂ ಒಂದೇ ಮೇಜಿನಲ್ಲಿ ಕೂತಿದ್ದರೆ ಚನ್ನಪಟ್ಟಣದ ತಿರುವಿನಲ್ಲಿ ವಿಶ್ರಾಂತಿ ತಾಣವನ್ನೂ ಕುಶಲಕರ್ಮಿಗಳ ಸಂತೆಯನ್ನೂ ನಕ್ಷೆಯಲ್ಲಿ ಮೊದಲೇ ಬರೆಯಬಹುದಿತ್ತು.

ಕಾಡಿನ ಕೈಗಾರಿಕೆಯೊಂದನ್ನು ಉಳಿಸುವ ಹೆಸರಿನಲ್ಲಿ ಏನಾಗಬಲ್ಲದು ಎಂಬುದಕ್ಕೆ ಮಲೆನಾಡಿನ ಗೆಳೆಯರ ಅನುಭವ ಕಣ್ಣಮುಂದಿದೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1930ರ ದಶಕದಲ್ಲಿ ಅರಸರ ಕಾಲದಲ್ಲಿ ಹುಟ್ಟಿ, 1977ರಲ್ಲಿ ಸರ್ಕಾರಿ ಕಂಪನಿಯಾಗಿ, 2015ರ ವೇಳೆಗೆ ಉತ್ಪಾದನೆ ನಿಲ್ಲಿಸಿತು. ಯಂತ್ರ ನಿಂತ ಮೇಲೂ ಅದಕ್ಕೆ ಗುತ್ತಿಗೆ ಕೊಟ್ಟಿದ್ದ 20 ಸಾವಿರ ಹೆಕ್ಟೇರಿಗೂ ಮಿಕ್ಕ ನೆಡುತೋಪಿನ ಭೂಮಿ ಮರಳಿ ಕಾಡಾಗಲಿಲ್ಲ. 2020ರಲ್ಲಿ ಆ ಗುತ್ತಿಗೆಯನ್ನು ಮತ್ತೆ 40 ವರ್ಷಗಳಿಗೆ ನವೀಕರಿಸಲಾಯಿತು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಶಿವಮೊಗ್ಗದ ಜನ ಚಳವಳಿ ಹೂಡಿದ್ದು ಆಗಲೇ. ಕಾರ್ಮಿಕರಿಗೆ ಕೆಲಸ ಮರಳಲಿಲ್ಲ, ಹಳ್ಳಿಗೆ ಸೊಪ್ಪಿನಬೆಟ್ಟ ಮರಳಲಿಲ್ಲ. ಉಳಿದದ್ದು ಗುತ್ತಿಗೆ ಪತ್ರ. ಒಂದು ಕಡೆ ಕಾರ್ಖಾನೆ ಸತ್ತರೂ ಅದರ ಹೆಸರಿನಲ್ಲಿ ನೆಡುತೋಪು ಜೀವಂತ. ಇನ್ನೊಂದು ಕಡೆ ಕಸುಬು ಜೀವಂತವಾಗಿದ್ದರೂ ಅದರ ಹೆಸರಿನಲ್ಲಿ ನೆಟ್ಟ ಮರ ಕಾಣದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸರ್ಕಾರದ ಕಣ್ಣಿಗೆ ಕಾಡೆಂದರೆ ಏನೆಂಬುದು ತಿಳಿಯುತ್ತದೆ.

1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವನ್ನು ಈ ಹೊತ್ತಿನಲ್ಲಿ ನೆನೆಯಬೇಕು. ಜನರ ಸಾಮೂಹಿಕ ಭೂಮಿಯಲ್ಲಿ ಕಾರ್ಖಾನೆಗಾಗಿ ನೆಟ್ಟ ನೀಲಗಿರಿಯನ್ನು ಕಿತ್ತು, ತಮಗೆ ಬೇಕಾದ ಮರಗಳನ್ನು ಜನರೇ ಹಚ್ಚಿದರು. ಆ ಚಳವಳಿಯ ಹೆಸರಿನ ಎರಡನೆಯ ಪದವನ್ನು ನಾವು ಅಷ್ಟಾಗಿ ಬಳಸಿಲ್ಲ. ಕೀಳುವುದರಲ್ಲಿ ನಮಗಿದ್ದ ಉತ್ಸಾಹ ಹಚ್ಚುವುದರಲ್ಲಿ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳೋಣ.

ನೆರವಿನ ಜೊತೆಗೆ ಷರತ್ತು

ಹಾಗಾದರೆ ಮಾಡಬೇಕಾದದ್ದೇನು? ಡೆಟ್ರಾಯ್ಟ್‌ನ ಕಂಪನಿಗೆ ಕೊಟ್ಟಂಥ ಹಣವನ್ನು ನಾವು ಕೇಳುತ್ತಿಲ್ಲ. ಅಲ್ಲಿ ಮರೆಯದೆ ಹಾಕಿದ ಷರತ್ತಿನ ಅಭ್ಯಾಸವನ್ನು ಇಲ್ಲಿಯೂ ಬೆಳೆಸಿ ಎನ್ನುತ್ತಿದ್ದೇವೆ. ಗೊಂಬೆ ಉದ್ಯಮಕ್ಕೆ ಬರುವ ಪ್ರತಿಯೊಂದು ಯೋಜನೆಯೂ ಒಂದು ಪ್ರಶ್ನೆಗೆ ಉತ್ತರಿಸಿದ ಮೇಲೆಯೇ ಮಂಜೂರಾಗಬೇಕು: ಇದಕ್ಕೆ ಬೇಕಾದ ಮರ ಎಷ್ಟು, ಅದು ಯಾರ ನೆಲದಲ್ಲಿ ಬೆಳೆಯುತ್ತಿದೆ?

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011ರಿಂದ ನಡೆದಿದೆ. ರೈತ ನೆಟ್ಟ ಸಸಿ ಬದುಕುಳಿದರೆ ಮೂರು ವರ್ಷ ಪ್ರೋತ್ಸಾಹಧನ ಕೊಡುವ ಒಳ್ಳೆಯ ಯೋಜನೆಯಿದು. ಈ ನಾಲ್ಕು ತಾಲ್ಲೂಕುಗಳ ಸಸ್ಯಕ್ಷೇತ್ರಗಳಲ್ಲಿ ತೇಗ, ಹೆಬ್ಬೇವುಗಳ ಪಕ್ಕದಲ್ಲಿ ಆಲೆಯ ಸಸಿಗೂ ಒಂದು ಪಾತಿ ಮೀಸಲಾಗಲಿ. ಮಾವಿನ ತೋಟದ ಸುತ್ತ, ರಾಗಿ ಹೊಲದ ಬದುವಿನಲ್ಲಿ ಹತ್ತಿಪ್ಪತ್ತು ಆಲೆ ನೆಟ್ಟರೆ ಬೆಳೆಗೆ ತೊಡಕಾಗದು. ಆದರೆ ರೈತ ನೆಡಬೇಕಾದರೆ ಅವನಿಗೆ ಎರಡು ಭರವಸೆ ಬೇಕು. ಬೆಳೆದ ಮರವನ್ನು ಕಡಿದು ಚನ್ನಪಟ್ಟಣಕ್ಕೆ ಸಾಗಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗಿಲ್ಲ ಎಂಬುದು ಒಂದು. ಕರಕುಶಲ ನಿಗಮವೋ ಕುಶಲಕರ್ಮಿಗಳ ಸಹಕಾರ ಸಂಘವೋ ಮೊದಲೇ ಸಾರಿದ ದರಕ್ಕೆ ಅದನ್ನು ಕೊಳ್ಳುತ್ತದೆ ಎಂಬುದು ಇನ್ನೊಂದು. ಕೊಂಡ ಮರವನ್ನು ಒಣಗಿಸಿ, ಚಿಕ್ಕ ಘಟಕಗಳಿಗೆ ಒಂದೆರಡು ತುಂಡಿನ ಲೆಕ್ಕದಲ್ಲಾದರೂ ಕೊಡುವ ಡಿಪೋ ಚನ್ನಪಟ್ಟಣದಲ್ಲಿರಲಿ. ಯಂತ್ರಕ್ಕಿಂತ ಕಡಿಮೆ ಖರ್ಚಿನ, ಯಂತ್ರಕ್ಕಿಂತ ಹೆಚ್ಚು ಬಾಳುವ ನೆರವದು. ಜಾಲಾರಿ ಉಳಿದಿರುವ ಕಾಡಂಚಿನ ಊರುಗಳಲ್ಲಿ ಗ್ರಾಮ ಅರಣ್ಯ ಸಮಿತಿಗಳ ಮೂಲಕ ಅರಗು ಸಾಕಣೆಯನ್ನು ಪ್ರಯೋಗವಾಗಿಯಾದರೂ ಆರಂಭಿಸಬೇಕು.

ನನ್ನ ವೃತ್ತಿಬಾಂಧವರಿಗೂ ಒಂದು ಮಾತು. ರಾಗಿಯ ತಳಿ, ಮಾವಿನ ಕೀಟ, ಹಿಪ್ಪುನೇರಳೆಯ ಗೊಬ್ಬರಗಳ ಬಗ್ಗೆ ನಾವು ಬರೆದ ಕೈಪಿಡಿಗಳು ಕಪಾಟು ತುಂಬಿವೆ. ನಾನು ಬರೆದ ಯಾವ ಕೈಪಿಡಿಯಲ್ಲಿಯೂ ಆಲೆ ಮರಕ್ಕೆ ಒಂದು ಪುಟವಿಲ್ಲ. ನೇರ ಕಾಂಡದ ತಾಯಿಮರಗಳನ್ನು ಗುರುತಿಸುವುದು, ಎಷ್ಟನೆಯ ವರ್ಷಕ್ಕೆ ಕೊಯ್ಲು, ಚಿಗುರಿನಿಂದ ಮತ್ತೆಷ್ಟು ಕೊಯ್ಲು, ಬದುವಿನಲ್ಲಿ ಎಷ್ಟು ಅಂತರ ಎಂಬುದನ್ನು ರೈತನ ಹೊಲದಲ್ಲೇ ಅಳೆದು ಹೇಳುವುದು ಡಾಕ್ಟರೇಟ್ ಪಡೆದವರಿಗೆ ಅವಮಾನದ ಕೆಲಸವೇನಲ್ಲ. ಮಾಡದೆ ಬಿಟ್ಟದ್ದೇ ಅವಮಾನ.

ಓದುಗ ಮಿತ್ರರೆ, ಸರ್ಕಾರದ ಉತ್ತರಕ್ಕೆ ಕಾಯುತ್ತ ಕೂರುವ ಬಳಗ ನಮ್ಮದಲ್ಲ. ಈ ಬೇಸಿಗೆಯಲ್ಲಿ ಸಾವನದುರ್ಗ, ರಾಮದೇವರ ಬೆಟ್ಟ, ಕಬ್ಬಾಳು ಕಡೆಯ ಓದುಗರು ತಮ್ಮ ಸುತ್ತಲಿನ ಆಲೆ ಮರಗಳನ್ನು ಗುರುತಿಸಿ ಎಣಿಸಬೇಕೆಂದು ಕೋರುತ್ತೇವೆ. ಮೀಸಲು ಅರಣ್ಯದೊಳಗಿನದನ್ನು ಮುಟ್ಟುವುದು ಬೇಡ. ಹೊಲ, ಬದು, ದೇವಸ್ಥಾನದ ಆವರಣ, ಶಾಲೆಯ ಅಂಗಳದ ಮರ ಸಾಕು. ಜೋಡಿಕಾಯಿ ಬಲಿತು ಒಡೆಯುವ ಮುನ್ನ ಕಿತ್ತು ಬೀಜವನ್ನು ನಮಗೆ ತಲುಪಿಸಿ. ಮುಂಗಾರಿಗೆ ಮೊದಲ ಸಸಿಗಳನ್ನು ಚನ್ನಪಟ್ಟಣದ ಕುಶಲಕರ್ಮಿಗಳ ಮಕ್ಕಳ ಕೈಯಿಂದಲೇ ಸುತ್ತಲಿನ ರೈತರ ಬದುವಿನಲ್ಲಿ ನೆಡಿಸೋಣ. ಗೊಂಬೆಯ ಮನೆಯ ಮಗುವಿಗೆ ಆಲೆ ಮರದ ಗುರುತು ಸಿಗಲಿ, ರೈತನಿಗೆ ತನ್ನ ಬದುವಿನ ಮರ ಏನಾಗುತ್ತದೆಂದು ತಿಳಿಯಲಿ.

ಜನರಲ್ ಮೋಟಾರ್ಸನ್ನು ಉಳಿಸಲು ದೇಶದ ಬೊಕ್ಕಸ ಬೇಕಾಯಿತು. ಚನ್ನಪಟ್ಟಣದ ಬುಗುರಿಯನ್ನು ಉಳಿಸಲು ಬೇಕಾದದ್ದು ಬದುವಿನಷ್ಟು ನೆಲ, ಕೆಲವು ವರ್ಷಗಳ ತಾಳ್ಮೆ. ಅದನ್ನೂ ಹೊಂದಿಸಲಾರೆವಾದರೆ ಮುಂದೊಂದು ದಿನ ಆ ಹೆಸರು ಪ್ರಮಾಣಪತ್ರದಲ್ಲಿ ಮಾತ್ರ ಉಳಿದೀತು.